ಹಾರ್ಟ್‌ವಿಗ್ ಉಂಡು ಹೋದ ಚಳಿಗಾಲ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ೨೦೧೫ರ ಚಳಿಗಾಲ ಎಂದು ನಾನು ನಂಬಿದ್ದೇನೆ, ಯಾಕೆಂದರೆ ಅಕ್ಕನ ಮಗಳು ಅನುಷಾ ಆಗ ಶಾಲೆಯ ಕೊನೆಯ ವರ್ಷವಾದ ಇಯರ್ ಟ್ವೆಲ್ವ್‌ನಲ್ಲಿದ್ದಳು, ಮನೆಯಲ್ಲಿ ಯಾರೂ ಟಿವಿಯ ದನಿ ಏರಿಸುವಂತಿರಲಿಲ್ಲ. ಹಾರ್ಟ್‌ವಿಗ್ ತೊಡುತ್ತಿದ್ದ ಕೋಟು ಬೂದು ಬಣ್ಣದ್ದೆಂದು ನನ್ನ ನೆನಪು. ಅಕ್ಕ ಕಡುನೀಲಿ ಎನ್ನುತ್ತಾಳೆ. ಮನೆಯಲ್ಲಿ ನಾವು ಆಡುವುದು ತುಳು, ಕಾರ್ಖಾನೆಯಲ್ಲಿ ಆಡಿದ್ದು ಇಂಗ್ಲಿಷ್, ಈಗ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಷ್ಟರಲ್ಲೇ ಎಷ್ಟು ಬದಲಾಗಿದೆಯೋ. ಆ ವರ್ಷ ಡೈರಿ ಬರೆಯುತ್ತಿದ್ದೆ ನಿಜ. ತೆಗೆದು ನೋಡಿದರೆ ತಡವಾದ ವಿಮಾನ, ಮೆಲ್ಬರ್ನಿನ ಗಾಳಿ, ನನ್ನ ಬೆನ್ನುನೋವು, ಇವಷ್ಟೇ ಇವೆ.

ಹೋದ ತಿಂಗಳು ಸಿಡ್ನಿಯ ಎಪ್ಪಿಂಗ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ರಸ್ತೆಯಲ್ಲಿ ಹಳೆಯ ಟ್ರಾನ್ಸ್‌ಫಾರ್ಮರೊಂದನ್ನು ಕ್ರೇನಿನಿಂದ ಎತ್ತುತ್ತಿದ್ದರು. ಎಲ್ಲೋ ಒಂದು ಕಡೆಯಿಂದ ಎಣ್ಣೆ ಸೋರಿ ಫುಟ್‌ಪಾತಿನ ಮೇಲೆ ಹರಡಿತ್ತು. ಟ್ರಾನ್ಸ್‌ಫಾರ್ಮರ್ ಎಣ್ಣೆಯ ವಾಸನೆ ಸೀಮೆಎಣ್ಣೆಯಷ್ಟು ಕಟುವಲ್ಲ. ಹೊಸ ರಬ್ಬರ್ ಚಪ್ಪಲಿಯನ್ನು ಬಿಸಿಲಲ್ಲಿಟ್ಟ ಹಾಗೆ. ನಾನು ಹಾಲಿನ ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತೆ. ಕೇಸರಿ ಜಾಕೆಟಿನ ಹುಡುಗನೊಬ್ಬ, "ದೂರ ನಿಲ್ಲಿ" ಎಂದಾಗಲೇ ಎಚ್ಚರವಾದದ್ದು. ಅಷ್ಟು ಹೊತ್ತು ನನ್ನ ತಲೆಯಲ್ಲಿದ್ದದ್ದು ಒಬ್ಬ ಜರ್ಮನ್ ಮನುಷ್ಯ ಮತ್ತು ಅಕ್ಕನ ಮನೆಯ ಕೋರಿ ರೊಟ್ಟಿ.

ಆಗ ನಾನು ನಾರ್ವೆಸ್ಟ್‌ನ ಒಂದು ಆಫೀಸಿನಲ್ಲಿ ಪ್ಲಾನಿಂಗ್ ಕೆಲಸದಲ್ಲಿದ್ದೆ. ಜರ್ಮನಿಯ ದೊಡ್ಡ ಕಂಪನಿಯೊಂದರ ಆಸ್ಟ್ರೇಲಿಯಾ ಶಾಖೆ. ಆಫೀಸು ಸಿಡ್ನಿಯಲ್ಲಿ, ಕಾರ್ಖಾನೆ ಮೆಲ್ಬರ್ನಿನ ಪಶ್ಚಿಮದಲ್ಲಿ. ಅಲ್ಲಿ ತಯಾರಾಗುತ್ತಿದ್ದದ್ದು ಟ್ರಾನ್ಸ್‌ಫಾರ್ಮರ್‌ಗಳು, ಗಣಿಗಳಿಗೆ, ರೈಲಿಗೆ, ಊರುಗಳಿಗೆ. ಅಕ್ಕನ ಗಂಡ ದಿವಾಕರ ಭಾವ ಅಲ್ಲಿ ವೈಂಡಿಂಗ್ ವಿಭಾಗದ ಸೂಪರ್‌ವೈಸರ್. ತಾಮ್ರದ ಪಟ್ಟಿಗೆ ಕಾಗದ ಸುತ್ತಿ, ಅದನ್ನು ಆಳೆತ್ತರದ ಸುರುಳಿಯಾಗಿ ಸುತ್ತುವ ಕೆಲಸ. ಮುಲ್ಕಿಯಿಂದ ಮಸ್ಕತ್‌ಗೆ ಹೋಗಿ ಅಲ್ಲಿಂದ ಮೆಲ್ಬರ್ನಿಗೆ ಬಂದವರು ಅವರು, ಬಂದಾಗಿನಿಂದ ಅದೇ ಕಾರ್ಖಾನೆ. ನನಗೆ ಇಲ್ಲಿ ಖಾಯಂ ನೆಲೆಸುವ ಪಿಆರ್ ಸಿಕ್ಕಿ ಕೆಲಸ ಹುಡುಕುತ್ತಿದ್ದಾಗ ನಾರ್ವೆಸ್ಟ್‌ನ ಹುದ್ದೆಯ ಸುದ್ದಿ ಕೊಟ್ಟವರೂ ಅವರೇ. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಅವರ ಮನೆ, ಮನೆಯ ಮೇಲೆ ಇನ್ನೂ ಬಹಳ ವರ್ಷದ ಮಾರ್ಟ್‌ಗೇಜ್ ಸಾಲ. ಅಕ್ಕ ಚೈಲ್ಡ್‌ಕೇರಿನಲ್ಲಿ ಅರ್ಧ ದಿನದ ಕೆಲಸ ಮಾಡುತ್ತಿದ್ದಳು. ಆ ಕಾರ್ಖಾನೆ ನಿಂತರೆ ಆ ಮನೆ ನಿಲ್ಲುತ್ತದೋ ಇಲ್ಲವೋ ಎಂಬುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತಾಗಿತ್ತು.

ಹಾರ್ಟ್‌ವಿಗ್ ಬಂದದ್ದು ಮೇ ತಿಂಗಳ ಕೊನೆಗೆ, ಇಲ್ಲಿ ಚಳಿ ಶುರುವಾಗುವ ಹೊತ್ತಿಗೆ. ತಾತ್ಕಾಲಿಕ ಜನರಲ್ ಮ್ಯಾನೇಜರ್, ಕಾರ್ಖಾನೆಯ ರಿವ್ಯೂ ಮಾಡಲು ಬಂದಿದ್ದಾರೆ ಎಂದರು. ಅರವತ್ತು ದಾಟಿದ, ಉದ್ದಕ್ಕಿದ್ದ, ಸ್ವಲ್ಪ ಬಾಗಿದ ಮನುಷ್ಯ. ನಾರ್ವೆಸ್ಟ್‌ನಲ್ಲಿ ಕೃತಕ ಕೆರೆಯ ಕಡೆ ಮುಖ ಮಾಡಿದ ಚೆಂದದ ಕೋಣೆ ಕೊಟ್ಟರು. ಎರಡನೆಯ ದಿನವೇ ಅವರು ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತು, "ಇಲ್ಲಿ ಯಾವುದೂ ಗುಂಯ್‌ಗುಡುವುದಿಲ್ಲ. ಕಾರ್ಖಾನೆ ಎಲ್ಲಿದೆ?" ಎಂದರು. ನಾನು ಇಲೆಕ್ಟ್ರಿಕಲ್ ಓದಿದವಳು ಎಂಬ ಕಾರಣಕ್ಕೋ, ಕಾರು ಓಡಿಸುತ್ತೇನೆ ಎಂಬ ಕಾರಣಕ್ಕೋ, ನನ್ನನ್ನೇ ಅವರ ಜೊತೆಗೆ ಹಾಕಿದರು. ವಾರದ ಮೊದಲಲ್ಲಿ ಮೆಲ್ಬರ್ನಿಗೆ ಹಾರಿ, ಬಾಡಿಗೆ ಕಾರಿನಲ್ಲಿ ರಿಂಗ್ ರೋಡ್ ಹಿಡಿದು ಕಾರ್ಖಾನೆಗೆ. ವಾರದ ಕೊನೆಗೆ ವಾಪಸು. ಕೆಲವು ವಾರಾಂತ್ಯ ನಾನು ಅಕ್ಕನ ಮನೆಯಲ್ಲೇ ಉಳಿಯುತ್ತಿದ್ದೆ.

ಅವರ ಬದುಕನ್ನು ನಾನು ಕೇಳಿದ್ದು ಆ ಕಾರಿನಲ್ಲಿ. ಕೇಳಿದ ಕ್ರಮ ಈಗ ನೆನಪಿಲ್ಲ, ನಾನೇ ಜೋಡಿಸಿ ಬರೆಯುತ್ತಿದ್ದೇನೆ. ಹುಟ್ಟಿದ್ದು ಆಗಿನ ಪೂರ್ವ ಜರ್ಮನಿಯ ಒಂದು ಸಣ್ಣ ಊರಲ್ಲಿ. ಅಪ್ಪ ಕಂಬ ಹತ್ತಿ ತಂತಿ ಎಳೆಯುವ ಲೈನ್‌ಮನ್, ತಾಯಿ ಶಾಲೆಯ ಅಡುಗೆಯವರು. ಶಾಲೆ ಮುಗಿದ ಕೂಡಲೇ ಊರಿನ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಸುರುಳಿ ಸುತ್ತಲು ಕಲಿತರು. ಅಲ್ಲಿಂದ ಡ್ರೆಸ್ಡೆನ್‌ಗೆ ಹೋಗಿ ಇಂಜಿನಿಯರಿಂಗ್ ಓದಿ, ಮತ್ತೆ ಅದೇ ಕಾರ್ಖಾನೆಗೆ ಪರೀಕ್ಷಾ ವಿಭಾಗದ ಇಂಜಿನಿಯರ್ ಆಗಿ ಬಂದರು. ತಾಮ್ರ ಸಿಗದ ಕಾಲದಲ್ಲಿ ಅಲ್ಯುಮಿನಿಯಮ್ ಸುತ್ತಿ, ಒಳ್ಳೆಯ ಕಾಗದ ಸಿಗದಾಗ ಇದ್ದದ್ದನ್ನು ಸುತ್ತಿ ಕೆಲಸ ಸಾಗಿಸಿದ ಕಥೆಗಳನ್ನು ಹೇಳುವಾಗ ಮಾತ್ರ ಅವರು ನಗುತ್ತಿದ್ದರು. "ಕೆಟ್ಟ ಸಾಮಾನು ಇಟ್ಟುಕೊಂಡು ಒಳ್ಳೆಯದನ್ನು ಮಾಡುವುದು ಒಂದು ವಿದ್ಯೆ. ಪಶ್ಚಿಮದವರಿಗೆ ಅದು ಬರುವುದಿಲ್ಲ."

"ನಮ್ಮೂರಲ್ಲಿ ಎಲ್ಲರಿಗೂ ಬರುತ್ತದೆ" ಎಂದೆ.

"ಅದಕ್ಕೇ ನಿಮ್ಮ ಭಾವನ ಕೈ ಹಾಗಿದೆ."

ಎರಡು ಜರ್ಮನಿಗಳ ನಡುವಿನ ಗೋಡೆ ಬಿದ್ದಾಗ ಅವರು ಉತ್ಪಾದನೆಯ ಮುಖ್ಯಸ್ಥರಾಗಿದ್ದರು. ಪಶ್ಚಿಮದ ಕಂಪನಿ ಬಂದು ಕಾರ್ಖಾನೆಯನ್ನು ಕೊಂಡಿತು, ಇವರನ್ನು ಇಟ್ಟುಕೊಂಡಿತು. ಅಲ್ಲಿಂದ ಪೋಲೆಂಡ್, ಪೋರ್ಚುಗಲ್, ಬ್ರೆಜಿಲ್. "ಅಲ್ಲೆಲ್ಲ ಏನು ಕೆಲಸ?" ಎಂದು ಕೇಳಿದ್ದೆ. "ಕ್ರಮಕ್ಕೆ ತರುವುದು" ಎಂದಿದ್ದರು. ಮಳೆ ಜೋರಾಗಿತ್ತು, ಲಾರಿಯೊಂದು ಪಕ್ಕದಲ್ಲೇ ನೀರು ಹಾರಿಸುತ್ತಿತ್ತು, ನಾನು ವೈಪರ್ ಜಾಸ್ತಿ ಮಾಡಿದೆ. ಆ ಮಾತಿನ ಅರ್ಥ ಕೇಳಬೇಕೆಂದು ಹೊಳೆಯಲಿಲ್ಲ.

ಹೊಳೆದದ್ದು ಚೇತನನಿಗೆ. ಬೆಂಗಳೂರಿನವನು, ನಾರ್ವೆಸ್ಟ್‌ನಲ್ಲಿ ನನ್ನ ಪಕ್ಕದ ಮೇಜು. ಒಂದು ಮಧ್ಯಾಹ್ನ ಕಾಫಿ ಮಷಿನ್ ಹತ್ತಿರ ನಿಂತು, "ಲೇ ಸುಜಾತಾ, ನಿನ್ ಬಾಸ್ ಬಗ್ಗೆ ನೆಟ್‌ನಲ್ಲಿ ಹುಡುಕ್ದೆ ಕಣೇ. ಅವ್ನು ಇದ್ದ ಪ್ಲಾಂಟ್‌ಗಳಲ್ಲಿ ಒಂದೂ ಈಗ ಕಂಪನಿ ಲಿಸ್ಟ್‌ನಲ್ಲಿ ಇಲ್ಲ" ಎಂದ.

"ಮಾರಿರಬಹುದು."

"ಮಾರಿರಬೋದು, ಮುಚ್ಚಿರಬೋದು. ನಿಮ್ ಭಾವಂಗೆ ಒಂದ್ ಮಾತ್ ಹೇಳಿಡು."

ಹೇಳಿದೆ. ಆ ಶನಿವಾರವೇ, ಪಾಯಿಂಟ್ ಕುಕ್‌ನ ಗ್ಯಾರೇಜಿನಲ್ಲಿ ಭಾವ ಹುಲ್ಲು ಕತ್ತರಿಸುವ ಮಷಿನ್ ಬಿಚ್ಚಿಕೊಂಡು ಕೂತಿದ್ದಾಗ ಹೇಳಿದೆ. ಅವರು ನಕ್ಕರು.

"ಎಂತ ಮಾರಾಯ್ತಿ ನೀನು. ಹಳೆ ಓವನ್ನಿನ ಬಾಗಿಲು ಹೊಸತು ಹಾಕಿಸಿದ್ದಾನೆ ಮೊನ್ನೆ. ಎಷ್ಟು ವರ್ಷದಿಂದ ಕೇಳ್ತಿದ್ದೆವು ನಾವು. ಮುಚ್ಚುವವ ಯಾರಾದ್ರೂ ರಿಪೇರಿ ಮಾಡಿಸ್ತಾನಾ?"

ಸುರುಳಿಯ ಕಾಗದದಲ್ಲಿನ ತೇವ ಒಣಗಿಸುವ ದೊಡ್ಡ ಓವನ್ ಅದು. ಬಾಗಿಲಿನ ಸಂದಿಯಿಂದ ಬಿಸಿ ಸೋರಿ, ಒಣಗುವ ಕೆಲಸ ದಿನಗಟ್ಟಲೆ ಹಿಡಿಯುತ್ತಿತ್ತು. ಹಾರ್ಟ್‌ವಿಗ್ ಬಂದು ಮಾಡಿದ ಮೊದಲ ಕೆಲಸ ಅದನ್ನು ಸರಿಮಾಡಿಸಿದ್ದು. ಭಾವನ ವಾದದಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಕಾರ್ಖಾನೆಯಲ್ಲಿ ಹಾರ್ಟ್‌ವಿಗ್‌ನನ್ನು ನೋಡಿದವರು ಯಾರೇ ಆದರೂ ಹಾಗೆಯೇ ಯೋಚಿಸುತ್ತಿದ್ದರು. ಬೆಳಗ್ಗೆ ಬಂದ ಕೂಡಲೇ ಕೋಟು ಕಳಚಿ ಮಷಿನ್‌ಗಳ ನಡುವೆ ಸುತ್ತು ಹಾಕುವುದು, ಪರೀಕ್ಷೆಗೆ ಇಟ್ಟ ಟ್ರಾನ್ಸ್‌ಫಾರ್ಮರಿನ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುವುದು. ಒಮ್ಮೆ ಹಾಗೇ ಕೈಯಿಟ್ಟು, "ಒಳಗೆ ಒಂದು ಕ್ಲ್ಯಾಂಪ್ ಸಡಿಲವಿದೆ" ಎಂದರು. ಬಿಚ್ಚಿದಾಗ ಸಡಿಲವೇ ಇತ್ತು. ಭಾವ ಆ ದಿನ ಮನೆಗೆ ಬಂದು, "ಆಫೀಸಿನ ಜನ ಅಲ್ಲ ಶಶೀ ಅದು, ನಮ್ಮ ಜನ" ಎಂದು ಅಕ್ಕನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ಸಂತೋಷದ ಭಾವನನ್ನು ನಾನು ನೋಡಿದ್ದು ಅಪರೂಪ.

ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಹುಯ್ ಎಂದು ಹೆಸರು, ವಿಯೆಟ್ನಾಮಿನಿಂದ ಚಿಕ್ಕಂದಿನಲ್ಲೇ ಬಂದವರು. ಭಾವನ ಪಕ್ಕದಲ್ಲಿ ಹಲವು ವರ್ಷ ಸುರುಳಿ ಸುತ್ತಿದವರು. ಭಾವನನ್ನು ಎಲ್ಲರೂ 'ಡಿವ್' ಎನ್ನುತ್ತಿದ್ದರು. ಆ ಹೆಸರಿಟ್ಟದ್ದು ಹುಯ್. ಅನುಷಾಳ ಹುಟ್ಟುಹಬ್ಬಕ್ಕೆ ಅವರ ಮನೆಯವರು, ಅವರ ಹೊಸ ವರ್ಷಕ್ಕೆ ಇವರ ಮನೆಯವರು. ಆ ಚಳಿಗಾಲದಲ್ಲಿ ಹುಯ್‌ಗೆ ರೈಲ್ವೆ ವರ್ಕ್‌ಶಾಪ್ ಒಂದರಿಂದ ಕೆಲಸಕ್ಕೆ ಕರೆ ಬಂದಿತ್ತು. ಸಂಬಳ ಸ್ವಲ್ಪ ಕಡಿಮೆ, ಆದರೆ ಖಾಯಂ. ಸ್ಮೋಕೋ ಹೊತ್ತಿಗೆ, ಅಂದರೆ ಬೆಳಗಿನ ಚಹಾದ ವಿರಾಮದಲ್ಲಿ, ಅವರು ಭಾವನನ್ನು ಕೇಳುತ್ತಿದ್ದಾಗ ನಾನೂ ಅದೇ ಮೇಜಿನಲ್ಲಿದ್ದೆ.

"ಹೋಗಲೋ ಬೇಡವೋ ಹೇಳು ಡಿವ್. ಸೋಮವಾರ ಅವರಿಗೆ ಉತ್ತರ ಹೇಳಬೇಕು."

"ಸೋಮವಾರದವರೆಗೆ ಸುಮ್ಮನಿರು" ಎಂದರು ಭಾವ. "ಭಾನುವಾರ ಬಾಸ್ ನನ್ನ ಮನೆಗೆ ಊಟಕ್ಕೆ ಬರುತ್ತಾನೆ."

"ಓಹೋ. ಕರಿ ತಿನ್ನಿಸಿ ಬಾಯಿ ಬಿಡಿಸುತ್ತೀಯಾ?"

"ನನ್ನ ಹೆಂಡತಿಯ ಕೋಳಿ ಸಾರು ತಿಂದರೆ ನೀನೇ ನಿನ್ನ ಬ್ಯಾಂಕ್ ಪಿನ್ ಹೇಳಿಬಿಡುತ್ತೀ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಭಾನುವಾರದ ಊಟಕ್ಕೆ ಅಕ್ಕ ಎರಡು ದಿನ ಮೊದಲೇ ಶುರುಮಾಡಿದ್ದಳು. ಕೋರಿ ರೊಟ್ಟಿಗೆ ಬೇಕಾದ ಒಣರೊಟ್ಟಿ ಟಾರ್ನೀಟ್‌ನ ಇಂಡಿಯನ್ ಅಂಗಡಿಯಿಂದ, ಮೆಣಸು ಊರಿಂದ ಬಂದದ್ದು. "ಅವರಿಗೆ ಖಾರ ಆಗ್ತದಾ ಸುಜಾ? ತೆಂಗಿನಹಾಲು ಸ್ವಲ್ಪ ಜಾಸ್ತಿ ಹಾಕ್ಲಾ?" ಎಂದು ಹತ್ತು ಸಲ ಕೇಳಿದಳು. ನಾನು ಅವಳಿಗೆ ಒಂದೇ ಮಾತು ಕೇಳಿದೆ, "ಯಾಕಕ್ಕಾ ಇಷ್ಟೆಲ್ಲ?" ಎಂದು.

"ನಿಂಗೆ ಗೊತ್ತಾಗುದಿಲ್ಲ. ಉಂಡು ಹೋದವ ಹೊಟ್ಟೆಗೆ ಹೊಡಿಯುದಿಲ್ಲ. ಮುಸುರೆ ಕೈ ತೊಳ್ದ ಮನೆಗೆ ಕೆಟ್ಟದ್ದು ಮಾಡ್ಲಿಕ್ಕೆ ಮನುಷ್ಯನಾದವನಿಗೆ ಆಗ್ತದಾ?"

ಅಕ್ಕನಿಗೆ ಇದು ಲೆಕ್ಕಾಚಾರವಾಗಿರಲಿಲ್ಲ, ನಂಬಿಕೆಯಾಗಿತ್ತು. ನಮ್ಮ ಅಮ್ಮನೂ ಹಾಗೆಯೇ. ಜಾಗದ ತಕರಾರಿನ ಸರ್ವೆಯವನಿಗೂ ಬಾಳೆಯೆಲೆ ಹಾಕಿದವಳು.

ಹಾರ್ಟ್‌ವಿಗ್ ಬಂದರು, ಕೈಯಲ್ಲಿ ಹೂವು. ಬಾಗಿಲಲ್ಲೇ ಬೂಟು ಕಳಚಿ ಜೋಡಿಸಿಟ್ಟರು. ಮೇಜಿನ ಮುಂದೆ ಕೂತವರು ಚಮಚ ಬೇಡವೆಂದು, ಭಾವನನ್ನು ನೋಡಿ ರೊಟ್ಟಿ ಪುಡಿಮಾಡಿ, ಸಾರು ಹಾಕಿಸಿಕೊಂಡು ಕೈಯಲ್ಲೇ ಉಂಡರು. ಕಣ್ಣಲ್ಲಿ ನೀರು ಬಂದರೂ ಮತ್ತೆ ಹಾಕಿಸಿಕೊಂಡರು. ಅಕ್ಕ ತುಳುವಿನಲ್ಲಿ ಒಂದು ಹೇಳುವುದು, ಅನುಷಾ ಅದನ್ನು ಇಂಗ್ಲಿಷಿನಲ್ಲಿ ಅರ್ಧ ಮಾಡಿ ಹೇಳುವುದು.

"ಅಮ್ಮ ಕೇಳ್ತಿದಾರೆ, ನಿಮಗೆ ಮಕ್ಕಳೆಷ್ಟು ಅಂತ."

"ಒಬ್ಬಳು ಮಗಳು. ನನ್ನ ಜೊತೆ ಮಾತಾಡುವುದಿಲ್ಲ."

ಅನುಷಾ ಅದನ್ನು ಅಕ್ಕನಿಗೆ ಹೇಳಲಿಲ್ಲ. "ಒಬ್ಬಳು" ಎಂದಷ್ಟೇ ಹೇಳಿದಳು.

ಪಾಯಸದ ಹೊತ್ತಿಗೆ ಅಕ್ಕನಿಗೆ ತಡೆಯಲಾಗಲಿಲ್ಲ. ತನಗೆ ಬರುವ ಇಂಗ್ಲಿಷಿನಲ್ಲಿ ನೇರ ಕೇಳಿಯೇಬಿಟ್ಟಳು: "ಸರ್, ಫ್ಯಾಕ್ಟರಿ ವಿಲ್ ಸ್ಟೇ, ನೋ?"

ಹಾರ್ಟ್‌ವಿಗ್ ಬಟ್ಟಲು ಕೆಳಗಿಟ್ಟರು. "ಊಟದ ಮೇಜಿನಲ್ಲಿ ಕೆಲಸದ ಮಾತು ಬೇಡ. ಅದು ನನ್ನ ತಾಯಿಯ ನಿಯಮ" ಎಂದರು. ಅಕ್ಕ ನನ್ನ ಕಡೆ ನೋಡಿ ಮುಗುಳ್ನಕ್ಕಳು. ಅವಳಿಗೆ ಅದು ಒಳ್ಳೆಯ ಉತ್ತರವಾಗಿ ಕೇಳಿಸಿತು. ಆ ಕ್ಷಣ ನನಗೂ ಹಾಗೆಯೇ ಕೇಳಿಸಿತೇ? ಕೇಳಿಸಿತು ಎಂದು ಬರೆದರೆ ಸುಳ್ಳಾಗಬಹುದು, ಇಲ್ಲ ಎಂದರೂ ಸುಳ್ಳಾಗಬಹುದು.

ಊಟವಾದ ಮೇಲೆ ಅವರು ಮನೆ ನೋಡಬಹುದೇ ಎಂದು ಕೇಳಿದರು. ಪ್ರತಿ ಕೋಣೆಯ ಬಾಗಿಲಲ್ಲೂ ನಿಂತರು. ಅನುಷಾಳ ಓದುವ ಮೇಜು, ದೇವರ ಗೂಡು, ಗ್ಯಾರೇಜು. ಏನನ್ನೂ ಮುಟ್ಟಲಿಲ್ಲ, ಏನನ್ನೂ ಹೊಗಳಲಿಲ್ಲ. ಬಿಳಿಯರು ಇನ್ನೊಬ್ಬರ ಮನೆಗೆ ಹೋದಾಗ ಕರ್ಟನನ್ನೂ ಬಿಡದೆ ಹೊಗಳುತ್ತಾರೆ. ಈ ಮನುಷ್ಯ ಮಾತಿಲ್ಲದೆ ನೋಡುತ್ತಿದ್ದದ್ದು ನನಗೆ ವಿಚಿತ್ರವಾಗಿತ್ತು. ಆಮೇಲೆ ಭಾವ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದರು, ಚಳಿಗೆ ಕರಟದಂತೆ ಹಳೆ ಬೆಡ್‌ಶೀಟ್ ಹೊದಿಸಿದ್ದ ಕರಿಬೇವಿನ ಗಿಡ ತೋರಿಸಲು. ಗಾಜಿನ ಬಾಗಿಲಿನ ಈಚೆ ನಾನು ಪಾತ್ರೆ ತೊಳೆಯುತ್ತಿದ್ದೆ. ಇಬ್ಬರೂ ಬಹಳ ಹೊತ್ತು ನಿಂತಿದ್ದರು. ಒಬ್ಬರು ಇನ್ನೊಬ್ಬರ ಹೆಗಲ ಮೇಲೆ ಕೈ ಇಟ್ಟರು. ಯಾರು ಯಾರ ಹೆಗಲ ಮೇಲೆ ಎಂಬುದು ಎಷ್ಟು ಪ್ರಯತ್ನಿಸಿದರೂ ನನಗೆ ಬರುತ್ತಿಲ್ಲ.

ಅವರು ಹೋದ ಮೇಲೆ ಅಕ್ಕ ಸೋಫಾದಲ್ಲಿ ಕುಸಿದು ಕೂತು, "ಎಷ್ಟು ಪ್ರೀತಿಯಲ್ಲಿ ಮನೆ ನೋಡಿದ್ರು ಅಲ್ವಾ? ಉಂಡ ಮನೆಯ ಜಂತಿ ಎಣಿಸುವ ಜನ ಅಲ್ಲ ಇದು" ಎಂದಳು. ಭಾವ ಟಿವಿ ಹಾಕಿದರು. ಅನುಷಾ ಒಳಗಿನಿಂದ, "ಡ್ಯಾಡ್, ವಾಲ್ಯೂಮ್!" ಎಂದು ಕೂಗಿದಳು.

ಸೋಮವಾರ ಬೆಳಗ್ಗೆ ಸ್ಮೋಕೋ ಮೇಜಿನಲ್ಲಿ ಹುಯ್ ಭಾವನ ಮುಖ ನೋಡಿದರು. ಭಾವ, "ನಿಲ್ಲು" ಎಂದರು. ಒಂದೇ ಮಾತು. ಹುಯ್ ಎದ್ದು ಹೊರಗೆ ಹೋಗಿ ಫೋನ್ ಮಾಡಿ ಬಂದರು. ಬರುವಾಗ ಭಾವನಿಗೂ ನನಗೂ ಒಂದೊಂದು ಚಾಕೊಲೇಟ್ ಬಿಸ್ಕತ್ತು ತಂದಿದ್ದರು.

ಎರಡು ವಾರ ಕಳೆದಿರಬಹುದು. ಬೆಳಗಿನ ಪಾಳಿಯವರನ್ನೂ ಮಧ್ಯಾಹ್ನದ ಪಾಳಿಯವರನ್ನೂ ಒಟ್ಟಿಗೆ ಕ್ಯಾಂಟೀನಿಗೆ ಕರೆದರು. ಮಾನವ ಸಂಪನ್ಮೂಲದವರು ಸಿಡ್ನಿಯಿಂದ ಸ್ಲೈಡುಗಳ ಸಮೇತ ಬಂದಿದ್ದರು. ಹಾರ್ಟ್‌ವಿಗ್ ಅವನ್ನು ಹಾಕಲು ಬಿಡಲಿಲ್ಲ. ತಾವೇ ನಿಂತು ಹೇಳಿದರು: ಕೈಯಲ್ಲಿರುವ ಆರ್ಡರ್‌ಗಳು ಮುಗಿಯುವವರೆಗೆ ಕೆಲಸ, ಆಮೇಲೆ ಕಾರ್ಖಾನೆ ಮುಚ್ಚುತ್ತದೆ, ಉತ್ಪಾದನೆ ಗುಜರಾತಿಗೆ ಹೋಗುತ್ತದೆ. ಇಷ್ಟು ಹೇಳಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾರೋ ಕುರ್ಚಿಯನ್ನು ಒದ್ದರು. ಯಾರೋ ಒಬ್ಬರು ನಮ್ಮ ಕಡೆ ತಿರುಗಿ, ಇಂಡಿಯಾಕ್ಕೇ ಹೋಗುತ್ತದೆಯಂತೆ ಎಂದು ನಕ್ಕರು. ಹುಯ್ ಮಾತ್ರ ಹಾರ್ಟ್‌ವಿಗ್ ಕಡೆ ನೋಡಲೇ ಇಲ್ಲ. ಅವರು ನೋಡುತ್ತಿದ್ದದ್ದು ಭಾವನನ್ನು.

"ನಿಲ್ಲು ಅಂದೆಯಲ್ಲ ಡಿವ್" ಎಂದರು.

ಭಾವ ಎದ್ದು ವೈಂಡಿಂಗ್ ವಿಭಾಗದ ಕಡೆ ನಡೆದರು.

ಆ ಸಂಜೆ ಹಾರ್ಟ್‌ವಿಗ್‌ನನ್ನು ಏರ್‌ಪೋರ್ಟಿಗೆ ಕರೆದೊಯ್ಯುವ ಸರದಿ ನನ್ನದೇ. ಮಾತಾಡಬಾರದೆಂದು ನಿಶ್ಚಯಿಸಿದ್ದೆ. ರಿಂಗ್ ರೋಡಿನಲ್ಲಿ ಕಾರುಗಳು ನಿಂತುಬಿಟ್ಟಿದ್ದವು, ಮುಂದೆಲ್ಲ ಕೆಂಪು ದೀಪ. ಆಗ ಬಾಯಿ ತಾನಾಗಿ ತೆರೆಯಿತು.

"ಇದೆಲ್ಲ ಗೊತ್ತಿದ್ದೂ ಅವರ ಮನೆಯಲ್ಲಿ ಹೇಗೆ ಉಂಡಿರಿ?"

ಅವರು ಆ ಪ್ರಶ್ನೆಗೆ ಕಾದಿದ್ದವರ ಹಾಗೆ ಹೇಳಿದರು. "ನಾನು ಮುಚ್ಚಿದ ಮೊದಲ ಕಾರ್ಖಾನೆ ನನ್ನ ಊರಿನದು. ಕೆಲಸದಿಂದ ತೆಗೆದವರ ಹೆಸರು ಓದುವುದನ್ನು ಹೊಸ ಮಾಲೀಕರು ನನಗೆ ಕೊಟ್ಟರು. ಓದಿದೆ. ಮುಗಿಸಿದಾಗ ನನಗೆ ಸುರುಳಿ ಸುತ್ತಲು ಕಲಿಸಿದ ಮುದುಕ ಎದ್ದು ನಿಂತು, 'ಇಷ್ಟು ವರ್ಷದಲ್ಲಿ ನೀನು ಒಂದು ದಿನವೂ ನನ್ನ ಮನೆಯ ಮೇಜಿನಲ್ಲಿ ಕೂತಿಲ್ಲ' ಎಂದ. ಬೈಗುಳವೂ ಇಲ್ಲ, ಅಷ್ಟೇ. ಆಮೇಲೆ ಎಲ್ಲಿಗೆ ಕಳಿಸಿದರೂ, ಹೇಳುವ ಮೊದಲು ಒಂದು ಮನೆಗೆ ಹೋಗಿ ಉಣ್ಣುತ್ತೇನೆ. ಯಾರ ಬದುಕಿಗೆ ಕೈ ಹಾಕುತ್ತಿದ್ದೇನೆ ಎಂದು ನೋಡದೆ ಹಾಕಬಾರದು."

"ಅದು ನಿಮ್ಮ ಸಮಾಧಾನಕ್ಕೆ."

"ಇರಬಹುದು."

"ಓವನ್?"

"ಕೊನೆಯ ಟ್ರಾನ್ಸ್‌ಫಾರ್ಮರ್ ಮೊದಲನೆಯದಕ್ಕಿಂತ ಕೆಟ್ಟದಾಗಿ ಗೇಟು ದಾಟಬಾರದು. ಒಳ್ಳೆಯ ಓವನ್ ಬೇಕು. ಒಳ್ಳೆಯ ಕೈಗಳೂ ಬೇಕು, ಕೊನೆಯ ದಿನದವರೆಗೆ."

ನನಗೆ ಸಿಟ್ಟು ತಡೆಯಲಾಗಲಿಲ್ಲ. ನಮ್ಮಲ್ಲಿ ಉಂಡವರು ಉಂಡ ಮನೆಗೆ ದ್ರೋಹ ಬಗೆಯುವುದಿಲ್ಲ, ನಮ್ಮ ಭಾವ ನಿಮ್ಮನ್ನು ನಂಬಿ ಕರೆದರು ಎಂದೆ. ಆಗ ಅವರು ಮೊದಲ ಬಾರಿ ನನ್ನ ಕಡೆ ಪೂರ್ತಿ ತಿರುಗಿದರು.

"ಅವರು ನನ್ನನ್ನು ಕರೆಯಲಿಲ್ಲ. ನಾನೇ ಕೇಳಿದೆ. ಯಾಕೆ ಕೇಳುತ್ತಿದ್ದೇನೆ ಎಂಬುದನ್ನೂ ಹೇಳಿದೆ. ಹೇಳದೆ ಉಂಡರೆ ಅದು ಕಳ್ಳತನವಾಗುತ್ತದೆ."

ಮುಂದಿನ ಕಾರು ಹೊರಟಿತು. ಹಿಂದಿನವರು ಹಾರ್ನ್ ಮಾಡಿದರು. ವಿಮಾನದಲ್ಲಿ ನಾನು ಸೀಟು ಬದಲಿಸಿಕೊಂಡೆ.

ಅಂದಿನಿಂದ ನನ್ನ ತಲೆಯಲ್ಲಿ ಆ ಭಾನುವಾರಕ್ಕೆ ಎರಡು ಆವೃತ್ತಿಗಳಿವೆ. ಒಂದರಲ್ಲಿ ಭಾವ ಏನೂ ಗೊತ್ತಿಲ್ಲದೆ ಆ ಮನುಷ್ಯನನ್ನು ಮನೆಗೆ ಕರೆಯುತ್ತಾರೆ, ಊಟದ ಮೇಲೆ ನಂಬಿಕೆಯಿಟ್ಟು ಹುಯ್‌ಗೆ ನಿಲ್ಲು ಎನ್ನುತ್ತಾರೆ, ಮೋಸಹೋಗುತ್ತಾರೆ. ಇನ್ನೊಂದರಲ್ಲಿ ಅವರಿಗೆ ಎಲ್ಲ ಗೊತ್ತಿದೆ. ಹುಯ್‌ನಂಥವರು ಮೊದಲೇ ಬಿಟ್ಟುಹೋದರೆ ಕೊನೆಯ ಆರ್ಡರ್‌ಗಳು ಮುಗಿಯುವುದಿಲ್ಲವೆಂದೂ ಗೊತ್ತಿದೆ. ನಿಲ್ಲು ಎನ್ನುತ್ತಾರೆ. ಹಾರ್ಟ್‌ವಿಗ್ ತಮ್ಮನ್ನು ಚೊಕ್ಕ ಮಾಡಿಕೊಳ್ಳಲು ಆ ಮಾತು ಹೇಳಿರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಆ ಮನುಷ್ಯ ತಮ್ಮನ್ನು ಚೊಕ್ಕವಾಗಿ ತೋರಿಸಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಗಳು ಮಾತಾಡುವುದಿಲ್ಲ ಎಂಬುದನ್ನು ಅಪರಿಚಿತರ ಮೇಜಿನಲ್ಲಿ ಹೇಳಿದವರು.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಕೊನೆಯ ಟ್ರಾನ್ಸ್‌ಫಾರ್ಮರ್ ಬೇಸಿಗೆಯಲ್ಲಿ ಗೇಟು ದಾಟಿತು. ಎಲ್ಲರನ್ನೂ ಕೆಲಸದಿಂದ ತೆಗೆದಾಗ ಒಬ್ಬರನ್ನು ಮಾತ್ರ ಇಟ್ಟುಕೊಂಡರು. ದಿವಾಕರ ಭಾವ, ಗುಜರಾತಿನ ಹೊಸ ಕಾರ್ಖಾನೆಯಲ್ಲಿ ಹುಡುಗರಿಗೆ ಕೆಲಸ ಕಲಿಸಲು. ದೇಶ ಬಿಟ್ಟು ಬಂದವರು ಅದೇ ಕೆಲಸ ಹಿಡಿದುಕೊಂಡು ದೇಶಕ್ಕೆ ಹೋದರು. ಎರಡು ವರ್ಷ ಇದ್ದು ಬಂದರು, ಮನೆ ಉಳಿಯಿತು, ಅನುಷಾಳ ಯೂನಿವರ್ಸಿಟಿ ನಡೆಯಿತು. ಈಗ ಒಂದು ಆಸ್ಪತ್ರೆಯಲ್ಲಿ ಜನರೇಟರ್, ಲಿಫ್ಟ್ ನೋಡಿಕೊಳ್ಳುತ್ತಾರೆ. ಹುಯ್ ಮತ್ತೆ ಕೇಳುವಷ್ಟರಲ್ಲಿ ರೈಲ್ವೆ ವರ್ಕ್‌ಶಾಪಿನ ಜಾಗ ತುಂಬಿಹೋಗಿತ್ತು. ಕೋಳಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ, ಕರೆದ ದಿನ ಮಾತ್ರ ಕೆಲಸ ಎಂದು ಕೇಳಿದೆ. ಅವರ ಹೆಂಡತಿ ಒಮ್ಮೆ ಅಂಗಡಿಯಲ್ಲಿ ಅಕ್ಕನನ್ನು ನೋಡಿ ಟ್ರಾಲಿ ತಿರುಗಿಸಿಕೊಂಡು ಹೋದಳಂತೆ. ಒಂದು ತಟ್ಟೆ ಕೋಳಿಗೆ ಕೆಲಸ ಉಳಿಸಿಕೊಂಡ ಡಿವ್ ಎಂದು ಹಳೆಯ ಕಾರ್ಖಾನೆಯವರು ಆಡಿಕೊಳ್ಳುತ್ತಾರೆಂದು ಅಕ್ಕನ ಕಿವಿಗೂ ಬಿದ್ದಿದೆ. ಅಕ್ಕ ಬೈಯುವುದು ಮಾತ್ರ ಹಾರ್ಟ್‌ವಿಗ್‌ನನ್ನು. "ಉಂಡ ಎಲೆಗೆ ಉಗಿದು ಹೋದ" ಎನ್ನುತ್ತಾಳೆ. ಕಾರಿನಲ್ಲಿ ಅವರು ಹೇಳಿದ್ದನ್ನು ನಾನು ಅವಳಿಗೆ ಇವತ್ತಿನವರೆಗೂ ತಿಳಿಸಿಲ್ಲ.

ಹಾರ್ಟ್‌ವಿಗ್ ಮರುವರ್ಷ ನಿವೃತ್ತರಾಗಿ ತಮ್ಮ ಊರಿಗೆ ಹೋದರು. ಹೋದ ವರ್ಷ ತೀರಿಕೊಂಡರು. ನಾನು ಆ ಕಂಪನಿ ಬಿಟ್ಟಾಗಿತ್ತು. ಕಂಪನಿಯ ಸುದ್ದಿಪತ್ರದಲ್ಲಿ ಬಂದದ್ದನ್ನು ಚೇತನ ಕಳಿಸಿಕೊಟ್ಟ. ವೈಂಡಿಂಗ್ ಕಲಿಯುವ ಹುಡುಗನಾಗಿ ಸೇರಿ, ಇಂಜಿನಿಯರ್ ಆಗಿ, ಮೂರು ಖಂಡಗಳಲ್ಲಿ ಕಾರ್ಖಾನೆಗಳನ್ನು ಮುನ್ನಡೆಸಿದ ವ್ಯವಸ್ಥಾಪಕ ಎಂದಿತ್ತು. ಮುನ್ನಡೆಸಿದ್ದು ಎಲ್ಲಿಗೆ ಎಂದು ಇರಲಿಲ್ಲ. ಚಿತ್ರದಲ್ಲಿ ಅವರು ಒಂದು ಟ್ಯಾಂಕಿನ ಪಕ್ಕದಲ್ಲಿ ನಿಂತಿದ್ದರು. ದುಃಖವಾಯಿತು, ದುಃಖವಾದದ್ದಕ್ಕೆ ಸಿಟ್ಟೂ ಬಂತು. ಒಳ್ಳೆಯ ಇಂಜಿನಿಯರ್ ಎಂದು ಈಗಲೂ ಹೇಳುತ್ತೇನೆ. ಅವರ ಅಂಗೈಗೆ ಲೋಹದ ಒಳಗಿನದು ತಿಳಿಯುತ್ತಿತ್ತು, ಕಂಪನಿ ಆ ಅಂಗೈಯಿಂದ ಮಾಡಿಸಿದ್ದು ಬಾಗಿಲು ಮುಚ್ಚುವ ಕೆಲಸ, ಅವರು ಅದನ್ನೂ ಚೆನ್ನಾಗಿ ಮಾಡಿದರು.

ಎಪ್ಪಿಂಗ್‌ನ ರಸ್ತೆಯಲ್ಲಿ ಎಣ್ಣೆಯ ವಾಸನೆ ಬಂದ ಮರುವಾರ ನಾನು ಅನುಷಾಳ ಗ್ರ್ಯಾಜುಯೇಷನ್‌ಗೆ ಮೆಲ್ಬರ್ನಿಗೆ ಹೋಗಿದ್ದೆ. ವಾಪಸು ಬರುವ ದಿನ ಭಾವನೇ ಏರ್‌ಪೋರ್ಟಿಗೆ ಬಿಡಲು ಬಂದರು. ಅಕ್ಕ ಕಟ್ಟಿಕೊಟ್ಟ ಡಬ್ಬಿ ನನ್ನ ತೊಡೆಯ ಮೇಲಿತ್ತು. ಭಾವ ಖುಷಿಯಲ್ಲಿದ್ದರು.

"ನಿನ್ನ ಅಕ್ಕ ಬಟ್ಟೆಗಿಂತ ಜಾಸ್ತಿ ಉಪ್ಪಿನಕಾಯಿ ಹಾಕಿದ್ದಾಳೆ. ವಿಮಾನ ಏಳ್ಲಿಕ್ಕುಂಟಾ ಇಲ್ವಾ ದೇವರಿಗೇ ಗೊತ್ತು."

ರಿಂಗ್ ರೋಡಿನಲ್ಲಿ ಎಡಕ್ಕೆ ಹಳೆಯ ಕಾರ್ಖಾನೆ ಕಂಡಿತು. ಈಗ ಅದು ಜನ ಹಳೆಯ ಸಾಮಾನು ಬಾಡಿಗೆಗೆ ಇಡುವ ಗೋದಾಮು, ಹಳದಿ ಬಣ್ಣ ಬಳಿದಿದ್ದಾರೆ. ಭಾವ ಅತ್ತ ತಿರುಗಲಿಲ್ಲ. ಲಾರಿ ಡ್ರೈವರುಗಳಿಗೆ ಬೈಯುತ್ತ, ಅನುಷಾಳಿಗೆ ಸಿಕ್ಕ ಕೆಲಸದ ಬಗ್ಗೆ ಹೇಳುತ್ತಲೇ ಇದ್ದರು. ನಾನು ಮಾತಿನ ನಡುವೆ ಬಾಯಿ ಹಾಕಿದೆ. ತುಳುವಿನಲ್ಲಿ ಕೇಳಿದ್ದು, ಆದಷ್ಟು ಹಾಗೆಯೇ ಬರೆಯುತ್ತಿದ್ದೇನೆ. ಭಾವ ಇಂಡಿಕೇಟರ್ ಹಾಕಿ ಪಕ್ಕದ ಲೇನಿಗೆ ಹೋದರು, ರೇಡಿಯೋದ ದನಿ ಸ್ವಲ್ಪ ಏರಿಸಿದರು, ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಇಳಿಸಿಕೊಟ್ಟು, "ಮುಟ್ಟಿದ ಕೂಡ್ಲೇ ಅಕ್ಕನಿಗೆ ಮೆಸೇಜ್ ಹಾಕು" ಎಂದು ಹೋದರು. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಹವಾಮಾನದ ಬಗ್ಗೆ. ನಾನು ಕೇಳಿದ್ದು ಇಷ್ಟೇ:

"ಭಾವ, ಹುಯ್‌ಗೆ ನಿಲ್ಲು ಅಂತ ಹೇಳುವಾಗ ನಿಮಗೆ ಗೊತ್ತಿತ್ತಾ?"